ಮೇನ್ ಇಳಿಸುವ ವಿಧಿ

ಮೇನ್ ಸ್ವಿಚ್ ಇಳಿಸುವುದಕ್ಕೂ ಒಂದು ವಿಧಿ ಇದೆ. ಪ್ಯಾನೆಲ್ಲಿನ ಎದುರಿಗೆ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು. ಕಾಲಡಿ ರಬ್ಬರ್ ಮ್ಯಾಟ್ ಇರಬೇಕು. ಬಲಗೈ ಹಿಡಿಯ ಮೇಲೆ, ಎಡಗೈ ಬೆನ್ನ ಹಿಂದೆ. ಮುಖವನ್ನು ಆಚೆ ತಿರುಗಿಸಿ ಹಿಡಿಯನ್ನು ಒಂದೇ ಎಳೆತಕ್ಕೆ ಕೆಳಗಿಳಿಸಬೇಕು. ಒಳಗೆ ಕಿಡಿ ಹಾರಿದರೆ ಕಣ್ಣಾದರೂ ಉಳಿಯಲಿ ಎಂದು. ಆಮೇಲೆ ಬೀಗ. ಬೀಗ ಹಾಕಿದ ಮೇಲೆ ಅದನ್ನು ಒಮ್ಮೆ ಜಗ್ಗಿ ನೋಡುವುದು. ನನಗೆ ಇದನ್ನು ಕಲಿಸಿದ ಫೋರ್‌ಮನ್ನರು ಜಗ್ಗಿ ನೋಡದ ಬೀಗವನ್ನು ಬೀಗವೆಂದೇ ಒಪ್ಪುತ್ತಿರಲಿಲ್ಲ.

ಕಡಕೊಳದ ನಮ್ಮ ಊದುಬತ್ತಿ ಕಾರ್ಖಾನೆಯಲ್ಲಿ ಪ್ರತಿ ಸಂಜೆ ಐದೂವರೆಗೆ ಈ ವಿಧಿಯನ್ನು ನೆರವೇರಿಸುವವನು ನಾನು, ಅಲ್ಲಿನ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಇದ್ದಿಲ ಪುಡಿ, ಸುಗಂಧದ ಎಣ್ಣೆ, ಬಿದಿರುಕಡ್ಡಿ ಮೂರೂ ಒಂದೇ ಸೂರಿನಡಿ ಇರುವ ಜಾಗ ಅದು. ಬೆಂಕಿಗೆ ಇದಕ್ಕಿಂತ ಒಳ್ಳೆಯ ಔತಣ ಬೇರೆಲ್ಲೂ ಸಿಗದು. ಪ್ಯಾನೆಲ್ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ. ನನ್ನ ಹೊರತು ಯಾರೂ ಆ ಹಿಡಿಯನ್ನು ಮುಟ್ಟಕೂಡದು ಎಂಬುದು ನನ್ನ ಅಪ್ಪಣೆ. ಕಾರ್ಖಾನೆಯಲ್ಲಿ ನನ್ನ ಬೇರೆ ಯಾವ ಮಾತನ್ನೂ ಜನ ಅಷ್ಟು ಭಕ್ತಿಯಿಂದ ಪಾಲಿಸಿದ್ದು ನೆನಪಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಪತ್ರ ಬಂತು. ನಮ್ಮ ಬತ್ತಿ ಕೊಳ್ಳುವ ಹೊರದೇಶದ ಕಂಪನಿಗೆ ಹಿಂದಿನ ಸಲದ ಕೆಲವು ಪೆಟ್ಟಿಗೆಗಳಲ್ಲಿ ಬೂಷ್ಟು ಕಂಡಿತ್ತಂತೆ. ಒಣಗುಕೋಣೆಯ ಶಾಖ ಮತ್ತು ತೇವಾಂಶದ ದಾಖಲೆ ಕಳಿಸಿ ಎಂದು ಮೊದಲೇ ಕೇಳಿದ್ದರು. ಕಳಿಸಿದ್ದೆವು. ಅದರಲ್ಲಿ ವರ್ಷದುದ್ದಕ್ಕೂ, ಗಂಟೆಗೊಮ್ಮೆ, ಮೂವತ್ತೆಂಟು ಡಿಗ್ರಿ ಶಾಖ, ಐವತ್ತೈದು ಶೇಕಡಾ ತೇವ. ಒಂದೇ ಕೈಬರಹ, ಒಂದೇ ಪೆನ್ನು. ನಿಮ್ಮ ಕೋಣೆಗೆ ಮಳೆಗಾಲ, ಬೇಸಿಗೆ ಏನೂ ಬರುವುದಿಲ್ಲವೆ ಎಂದು ಈ ಪತ್ರದಲ್ಲಿ ಅವರು ಬಹಳ ವಿನಯದಿಂದ ಕೇಳಿದ್ದರು. ಎಂಟು ವಾರಕ್ಕೆ ತನಿಖೆಯವರು ಬರುತ್ತಾರೆ. ಅಷ್ಟರಲ್ಲಿ ಮನುಷ್ಯನ ಕೈ ಸೋಕದ, ಯಂತ್ರವೇ ನಿಮಿಷಕ್ಕೊಮ್ಮೆ ಬರೆದ, ಮೂವತ್ತು ಕೆಲಸದ ದಿನಗಳ ಎಡೆಬಿಡದ ದಾಖಲೆ ಸಿದ್ಧವಿರಬೇಕು. ಇಲ್ಲದಿದ್ದರೆ ಒಣಗಿಸುವ ಕೆಲಸವನ್ನು ಅಂಥ ಯಂತ್ರವಿರುವ ಬೇರೆ ಘಟಕಕ್ಕೆ ಕೊಡತಕ್ಕದ್ದು.

ಒಣಗುಕೋಣೆಯಲ್ಲಿದ್ದವರು ಹನ್ನೊಂದು ಜನ ಹೆಂಗಸರು. ಕೆಲಸ ಬೇರೆ ಘಟಕಕ್ಕೆ ಹೋದರೆ ಅವರಿಗೆ ಕಾರ್ಖಾನೆಯಲ್ಲಿ ಬೇರೆ ಜಾಗವಿರಲಿಲ್ಲ. ಅವರ ಮುಖ್ಯಸ್ಥೆಯನ್ನು ನಾವೆಲ್ಲ ಲೀಡರಮ್ಮ ಅನ್ನುತ್ತೇವೆ. ಪಕ್ಕದ ಹಳ್ಳಿಯ ಬೇಸಾಯದ ಮನೆಯವರು. ಒಂದು ಹಿಡಿ ಬತ್ತಿ ತೆಗೆದು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ, ಸದ್ದು ಕೇಳಿಯೇ ಒಣಗಿದೆಯೋ ಇಲ್ಲವೋ ಹೇಳುವವರು. ಆ ಮೂವತ್ತೆಂಟು, ಐವತ್ತೈದು ಬರೆದದ್ದೂ ಅವರೇ. ಯಾಕಮ್ಮ ಎಂದು ಕೇಳಿದೆ.

"ಇಷ್ಟಿಷ್ಟು ಇರ್ಬೇಕು ಅಂತ ಮ್ಯಾನೇಜರ್ ಸಾಹೇಬ್ರು ಯೋಳಿದ್ರು. ಇರ್ಬೇಕು ಅಂದಿದ್ನ ಬರ್ದೆ," ಅಂದರು. "ಒಣಗ್ಯದಾ ಇಲ್ವಾ ನೋಡಕೆ ಕಿವಿ ಅದಲ್ಲ ಸಾರ್."

ಸಿದ್ಧ ಯಂತ್ರವನ್ನು ಮಾರುವವರು ಹತ್ತು ವಾರವಾದರೂ ಬೇಕು ಎಂದರು. ಮ್ಯಾನೇಜರರು ಸಭೆ ಕರೆದು ಎಲ್ಲರ ಮುಖವನ್ನೂ ಸರದಿಯಂತೆ ನೋಡಿದರು. ನನ್ನ ಸರದಿ ಬಂದಾಗ ನಾನು ಮಾಡಿಕೊಡುತ್ತೇನೆ ಎಂಬ ಮಾತು ನನ್ನ ಬಾಯಿಂದ ಬಂದುಬಿಟ್ಟಿತು. ಅದು ಹೇಗೆ ಬಂತು ಎಂಬ ಬಗ್ಗೆ ನನ್ನ ತನಿಖೆ ಇನ್ನೂ ನಡೆಯುತ್ತಿದೆ. ಕ್ಯಾಲೆಂಡರ್ ನೋಡಿ ಎಣಿಸಿದೆವು. ಭಾನುವಾರಗಳನ್ನು ಕಳೆದು ನಲವತ್ತೆಂಟು ದಿನ.

ಅಂಗೈಯಗಲದ ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರ್ ಇರುತ್ತದೆ, ಅದಕ್ಕೆ ಶಾಖ ಅಳೆಯುವ ಸೆನ್ಸರ್ ಜೋಡಿಸಬಹುದು ಎಂದು ಎಲ್ಲೋ ಓದಿದ್ದೆ. ಅದನ್ನು ಹುಡುಕಿಕೊಂಡು ಸರಸ್ವತಿಪುರಂಗೆ ಹೋದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಬೇಕಾದ ಸಾಮಾನು ಮಾರುವ ಅಂಗಡಿ. ಗಲ್ಲೆಯಲ್ಲಿದ್ದ ಯುವತಿ ನನ್ನ ನೆರೆತ ತಲೆಯನ್ನೂ ಕೈಯಲ್ಲಿದ್ದ ಪಟ್ಟಿಯನ್ನೂ ನೋಡಿ ಕೇಳಿದಳು.

"ಮಗಂದಾ ಅಂಕಲ್ ಪ್ರಾಜೆಕ್ಟು? ಯಾವ ಸೆಮಿಸ್ಟರ್?"

"ನಂದೇ ಕಣಮ್ಮ. ಕೊನೇ ಸೆಮಿಸ್ಟರು."

ನಿವೃತ್ತಿಗೆ ಎರಡು ವರ್ಷವಿದ್ದವನು ಬೇರೇನು ಹೇಳಬೇಕಿತ್ತು? ಆಕೆ ನಗದೆ ಬೋರ್ಡು, ಮೆಮೊರಿ ಕಾರ್ಡು, ಸೆನ್ಸರ್, ಒಂದು ಪೊಟ್ಟಣ ರೆಸಿಸ್ಟರು, ಬಣ್ಣದ ವೈರುಗಳನ್ನು ಕಟ್ಟಿಕೊಟ್ಟಳು. ಜೊತೆಗೆ ಎಂಟು ಪುಟದ ಸೂಚನೆಯ ಪುಸ್ತಿಕೆ. ಅದರ ಮೊದಲ ಪುಟದಲ್ಲಿ ಕಣ್ಣಿಗೆ ಹೊಡೆಯುವಂಥ ಕಾರ್ಟೂನ್ ಚಿತ್ರಗಳಿದ್ದವು. ಮಕ್ಕಳಿಗಿರಬೇಕು ಎಂದು ನೇರವಾಗಿ ಎರಡನೆಯ ಪುಟಕ್ಕೆ ಹೋದೆ. ಯಾವ ಸಾಮಾನು ಬಂದರೂ ಮೊದಲು ಕಾಗದ ಓದ್ರಪ್ಪ ಎಂದು ಕೆಳಗಿನವರಿಗೆ ಪ್ರವಚನ ಮಾಡುತ್ತ ಬಂದವನು ನಾನು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಕುವೆಂಪುನಗರದ ಮನೆಯಲ್ಲಿ ಟೀವಿಯೇ ಅದರ ಪರದೆಯಾಯಿತು. ಮನೆಯವಳ ಧಾರಾವಾಹಿಗೆ ಒಂದು ವಾರ ಶೋಕಾಚರಣೆ. ಮೊದಲ ದಿನ ಬೋರ್ಡು ಏಳುವುದು, ಮತ್ತೆ ಬೀಳುವುದು. ಮೊಬೈಲ್ ಚಾರ್ಜರಿನಿಂದ ಕರೆಂಟು ಕೊಟ್ಟಿದ್ದೆ, ಅದು ಸಾಲದು. ತಕ್ಕ ಅಡಾಪ್ಟರ್ ಹಾಕಿದ ಮೇಲೆ ನೆಟ್ಟಗೆ ನಿಂತಿತು. ಬೋರ್ಡಿನ ಅಂಚಿನಲ್ಲಿ ನಲವತ್ತು ಪಿನ್ನುಗಳು, ಅಕ್ಕಿ ಕಾಳಿಗಿಂತ ಸಣ್ಣವು. ಅವು ತಡೆಯುವುದು ಮೂರು ಪಾಯಿಂಟ್ ಮೂರು ವೋಲ್ಟು. ಐದು ಕೊಟ್ಟರೆ ಪ್ರಾಣ ಬಿಡುತ್ತವೆ. ನಾನೂರು ವೋಲ್ಟಿನ ಜೊತೆ ಸಂಸಾರ ಮಾಡಿದವನಿಗೆ ಇಂಥ ನಾಜೂಕಿನವರೊಡನೆ ವ್ಯವಹರಿಸುವುದು ಹೊಸದು. ಹದಿನೇಳನೆಯ ಪಿನ್ನಿಗೆ ರೆಸಿಸ್ಟರಿನ ಮೂಲಕ ಒಂದು ಕೆಂಪು ಎಲ್‌ಇಡಿ ಕಟ್ಟಿ, ಪುಸ್ತಿಕೆ ನೋಡಿಕೊಂಡು ಹನ್ನೊಂದು ಸಾಲಿನ ಪ್ರೋಗ್ರಾಂ ಟೈಪ್ ಮಾಡಿದೆ. ಒಂದು ಸಾಲಿನಲ್ಲಿ ಜಾಗ ಬಿಡಬೇಕಾದ ಕಡೆ ಬಿಟ್ಟಿರಲಿಲ್ಲ ಎಂದು ಅದು ಮೂರು ಸಲ ಬೈಯಿತು. ನಾಲ್ಕನೆಯ ಸಲಕ್ಕೆ ದೀಪ ಮಿನುಗಿತು. ಆರಿತು. ಮಿನುಗಿತು.

ಅರವತ್ತು ಅಶ್ವಶಕ್ತಿಯ ಮೋಟರು ಓಡಿಸಿದಾಗಲೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ. ಮನೆಯವಳನ್ನು ಕರೆದು ತೋರಿಸಿದೆ. ಅವಳು ಟೀವಿಯನ್ನು, ಕೀಬೋರ್ಡನ್ನು, ವೈರುಗಳ ರಾಶಿಯನ್ನು, ಕೊನೆಗೆ ಆ ದೀಪವನ್ನು ನೋಡಿದಳು.

"ಇದಕ್ಕೊಂದು ಸ್ವಿಚ್ ಹಾಕಿದ್ರೆ ಆಗ್ತಿರ್ಲಿಲ್ವೇನ್ರೀ?"

ವಿಜ್ಞಾನ ಮನೆಯಿಂದ ಕಾರ್ಖಾನೆಗೆ ತೆರಳಿತು.

ಅಲ್ಲಿ ಮೊದಲ ಸೋಲು ಕೊಟ್ಟವರು ಲೀಡರಮ್ಮ. ಸೆನ್ಸರನ್ನು ಗೋಡೆಯ ಫ್ಯಾನಿನ ಪಕ್ಕ ಕಟ್ಟಿದ್ದೆ, ವೈರು ಎಳೆಯಲು ಅನುಕೂಲವೆಂದು. ತೇವ ನಲವತ್ತೆಂಟು ಎಂದು ಪರದೆ ತೋರಿಸಿತು. ಅವರು ಒಂದು ಹಿಡಿ ಬತ್ತಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ವಾಪಸ್ ಟ್ರೇಗೆ ಇಟ್ಟರು. ಹಸಿ ಎಂದರು. ನಾನು ಪರದೆ ತೋರಿಸಿದೆ. ಅವರು ಬತ್ತಿಯನ್ನು ನನ್ನ ಕಿವಿಗೆ ಹಿಡಿದರು. ಒಣಗಿದ್ದಕ್ಕೆ ಒಣ ಹುಲ್ಲಿನ ಗರಗರ ಇರುತ್ತದೆ, ಹಸಿಯದಕ್ಕೆ ಮಂದ ಸದ್ದು. ಇದು ಮಂದವೇ. ಸೆನ್ಸರ್ ಅಳೆಯುತ್ತಿದ್ದದ್ದು ಫ್ಯಾನಿನ ಗಾಳಿಯನ್ನು, ಬತ್ತಿಗಳ ನಡುವಿನ ಗಾಳಿಯನ್ನಲ್ಲ. ಅದನ್ನು ಬಿಚ್ಚಿ ಟ್ರೇಗಳ ಸಾಲಿನ ನಡುವೆ, ಎದೆಯ ಎತ್ತರಕ್ಕೆ ಕಟ್ಟಿದೆ. ವೈರು ಮೋಟರಿನ ಕೇಬಲ್ ಪಕ್ಕ ಹಾದುಹೋಗಿ ಅಂಕಿಗಳು ಕುಣಿಯತೊಡಗಿದವು. ದಾರಿ ಬದಲಿಸಿದೆ. ನಾಲ್ಕನೆಯ ದಿನಕ್ಕೆ ಪರದೆಯೂ ಕಿವಿಯೂ ಒಂದೇ ಮಾತು ಹೇಳಿದವು. ಅಲ್ಲಿಗೆ ಹತ್ತು ದಿನ ಕಳೆದಿತ್ತು.

ಎರಡನೆಯದು ಗಡಿಯಾರ. ಮೂರು ದಿನದ ದಾಖಲೆಯನ್ನು ಅಚ್ಚು ಹಾಕಿ ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ, ನಮ್ಮ ಹೆಂಗಸರು ರಾತ್ರಿ ಎರಡು ಗಂಟೆಯಲ್ಲಿ ಬತ್ತಿ ಒಣಗಿಸುತ್ತಿದ್ದಾರೆಯೇ ಎಂದು ಕೇಳಿದರು. ಈ ಬೋರ್ಡಿಗೆ ತನ್ನದೇ ಗಡಿಯಾರವಿಲ್ಲ. ಇಂಟರ್ನೆಟ್ಟಿನಿಂದ ಸಮಯ ಕೇಳಿಕೊಳ್ಳುತ್ತದೆ, ಅದು ಸಿಗದಿದ್ದರೆ ನಿನ್ನೆ ಸಂಜೆ ನಿಂತಲ್ಲಿಂದಲೇ ಎಣಿಸತೊಡಗುತ್ತದೆ. ಅದರ ಪ್ರಕಾರ ಕಡಕೊಳದಲ್ಲಿ ರಾತ್ರಿ ಎಂಬುದೇ ಇಲ್ಲ, ಸಂಜೆ ಐದೂವರೆಯ ಮರುಕ್ಷಣವೇ ಬೆಳಗಿನ ಸೈರನ್. ಗುಂಡಿಯಾಕಾರದ ಸೆಲ್ಲಿನಿಂದ ನಡೆಯುವ ಪುಟ್ಟ ಗಡಿಯಾರವೊಂದನ್ನು ತಂದು ಜೋಡಿಸಿದೆ.

ಮೂರನೆಯದಕ್ಕೆ ಹೆಸರಿರಲಿಲ್ಲ. ಬೋರ್ಡು ಸಂಜೆಯವರೆಗೆ ಚೆನ್ನಾಗಿ ಬರೆಯುವುದು, ಬೆಳಿಗ್ಗೆ ಕೆಲವು ಸಲ ಏಳುವುದು, ಕೆಲವು ಸಲ ಏಳದೇ ಇರುವುದು. ಎದ್ದರೂ ಹಿಂದಿನ ದಿನದ ದಾಖಲೆಯ ಅರ್ಧ ಗಾಯಬ್. ಅಡಾಪ್ಟರ್ ಬದಲಿಸಿದೆ. ಅರ್ಥಿಂಗ್ ಪರೀಕ್ಷಿಸಿದೆ. ಮೆಮೊರಿ ಕಾರ್ಡು ಕಳಪೆ ಎಂದು ತೀರ್ಪು ಕೊಟ್ಟು ಎರಡನೆಯದು ತಂದೆ, ಆಮೇಲೆ ಮೂರನೆಯದು. ಅಂಗಡಿಯ ಯುವತಿ ಮೂರನೆಯದನ್ನು ಕೊಡುವಾಗ, ಕಾರ್ಡ್ ತಿಂತಿದೀರಾ ಅಂಕಲ್ ಎಂದಳು. ಬೋರ್ಡೇ ಕೆಟ್ಟದ್ದೆಂದು ನಾನು ಬಹಿರಂಗವಾಗಿ ಸಾರಿದೆ. ಇದರ ನಡುವೆ ಅಣ್ಣನ ಮಗಳ ಮದುವೆಗೆ ಎರಡು ದಿನ ರಜೆ ಹಾಕಿ ಬಂದೆ. ಬಂದ ಮರುದಿನ ಬೆಳಿಗ್ಗೆ ಮೂರನೆಯ ಕಾರ್ಡೂ ಸತ್ತಿತ್ತು.

ಅಂದು ಹದಿನೇಳನೆಯ ದಿನ. ಒಣಗುಕೋಣೆಯಲ್ಲಿ ಬೋರ್ಡಿನ ಮುಂದೆ ಕೂತು, ಮ್ಯಾನೇಜರರಿಗೆ ಸೋಲೊಪ್ಪುವ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಲೀಡರಮ್ಮ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದು ನನ್ನ ಮುಂದೆ ಹಿಡಿದರು. ಹಸಿ ಬತ್ತಿ ವಾಪಸ್ ಟ್ರೇಗೆ ಹೋದ ದಿನಗಳಿಗೆ ಅವರು ಇದ್ದಿಲಿನಲ್ಲಿ ಗೆರೆ ಎಳೆಯುತ್ತಾರೆ. ಈಗ ಕುಂಕುಮದ ಚುಕ್ಕಿಗಳೂ ಇದ್ದವು.

"ಸಾರ್, ಒಂದ್ ಮಾತು ಯೋಳ್ತೀನಿ, ಬೇಜಾರ್ ಮಾಡ್ಕಬೇಡಿ. ನೀವು ರಜಾ ಹಾಕುದ್ರೆ ಇದು ಚೆನ್ನಾಗಿರ್ತದೆ."

"ಅಂದ್ರೆ ಏನಮ್ಮ?"

"ಚುಕ್ಕಿ ಇಟ್ಟಿರೋ ದಿನ ಅದು ಎದ್ದಿಲ್ಲ, ಇಲ್ದಿದ್ರೆ ಅರೆಬರೆ ಎದ್ದದೆ. ನೀವ್ ಮದ್ವೆಗೋಗಿದ್ದ ಎರಡ್ ದಿನ ನೋಡಿ, ಒಂದ್ ಚುಕ್ಕೀನೂ ಇಲ್ಲ. ನೀವ್ ಬಂದ್ ರಾತ್ರಿ ಕಳ್ದು ಬೆಳಗಾನೆ ಚುಕ್ಕಿ. ಅದಕ್ಕೆ ನಿಮ್ಮನ್ ಕಂಡ್ರಾಗಲ್ಲ ಕಣ್ ಸಾರ್."

ಪಕ್ಕದಲ್ಲಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಕ್ಯಾಲೆಂಡರನ್ನೇ ನೋಡುತ್ತ ಕೂತೆ. ನಾನಿಲ್ಲದ ಎರಡು ದಿನ ಇಲ್ಲಿ ಏನು ನಡೆಯಲಿಲ್ಲ? ಮೇನ್ ಇಳಿಯಲಿಲ್ಲ. ಪ್ಯಾನೆಲ್ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ ಮದುವೆಯ ಊಟ ಮಾಡುತ್ತಿತ್ತು.

ಚೀಲದಿಂದ ಪುಸ್ತಿಕೆ ತೆಗೆದು ಮೊದಲ ಪುಟ ತಿರುಗಿಸಿದೆ. ಕಾರ್ಟೂನಿನಲ್ಲಿ ಒಬ್ಬ ಮನುಷ್ಯ ಪ್ಲಗ್ ಕೀಳುತ್ತಿದ್ದ, ಅವನ ಮೇಲೆ ದಪ್ಪ ಕೆಂಪು ಗೀಟು. ಬೋರ್ಡು ಕಾರ್ಡಿನ ಮೇಲೆ ಬರೆಯುತ್ತಿರುವಾಗ ಕರೆಂಟು ಕಿತ್ತರೆ ಕಾರ್ಡು ಕೆಡುತ್ತದೆ, ಮೊದಲು ಮುಗಿಸಲು ಹೇಳಿ, ದೀಪ ಆರಿದ ಮೇಲೆ ಕರೆಂಟು ತೆಗೆಯಿರಿ. ಬರೆಯುತ್ತ ಕೂತವನ ಮುಂದಿನಿಂದ ಪುಸ್ತಕವನ್ನು ನಾನು ಪ್ರತಿ ಸಂಜೆ ಕಸಿದುಕೊಳ್ಳುತ್ತಿದ್ದೆ. ರಬ್ಬರ್ ಮ್ಯಾಟಿನ ಮೇಲೆ ನಿಂತು, ಒಂದೇ ಎಳೆತಕ್ಕೆ. ಕೊಲೆ ನಡೆಯುವಾಗ ನೋಡಿದವರಿಲ್ಲ, ಏಕೆಂದರೆ ಕೊಲೆಗಾರ ಮುಖ ತಿರುಗಿಸಿಕೊಂಡಿರುತ್ತಿದ್ದ.

ನಾನು ಕಥೋಲಿಕ. ಪಾಪನಿವೇದನೆ ನನಗೆ ಹೊಸದಲ್ಲ. ಆದರೆ ಚರ್ಚಿನಲ್ಲಿ ಪಾದ್ರಿಗಳಿಗೂ ನಮಗೂ ನಡುವೆ ಒಂದು ಜಾಲರಿ ಇರುತ್ತದೆ. ಮ್ಯಾನೇಜರರ ಕೋಣೆಯಲ್ಲಿ ಅದಿರಲಿಲ್ಲ. ಎರಡು ಪಾಪಗಳನ್ನೂ ಹೇಳಿದೆ. ಕಾರ್ಡು ಕೊಂದದ್ದು ಒಂದು. ಎರಡು ರಾತ್ರಿ ಕಾರ್ಖಾನೆಯ ಮೇನ್ ಇಳಿಸದೆ ಬಿಟ್ಟದ್ದು ಇನ್ನೊಂದು, ಅದು ಹೆಚ್ಚು ದೊಡ್ಡದು. ಅವರು ಎರಡನೆಯದನ್ನು ಕೇಳಿಸಿಕೊಳ್ಳಲೇ ಇಲ್ಲ.

"ಸರಿ ಬಿಡ್ರೀ, ಸುಲಭವಾಯ್ತು. ಇನ್ಸ್‌ಪೆಕ್ಷನ್ ಮುಗಿಯೋವರ್ಗೂ ಮೇನ್ ಇಳಿಸ್ಬೇಡಿ."

ಸುಲಭವೇ. ಒಪ್ಪಿದ್ದರೆ ಆ ಸಂಜೆಯಿಂದಲೇ ಎಣಿಕೆ ಶುರು. ಒಂದು ದಿನವೂ ವ್ಯರ್ಥವಾಗುತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿ ಏನೇನಿದೆ ಎಂದು ನನಗೆ ಗೊತ್ತು. ಹನ್ನೊಂದು ಜನರ ಕೆಲಸ ಉಳಿಸಲು ಅವರು ಕೆಲಸ ಮಾಡುವ ಕೋಣೆಯನ್ನೇ ಪಣಕ್ಕಿಡುವುದು ನನ್ನಿಂದ ಆಗದು. ಮೇನ್ ಇಳಿಯುತ್ತದೆ, ಯಂತ್ರವೇ ಅದಕ್ಕೆ ಹೊಂದಿಕೊಳ್ಳಬೇಕು ಎಂದೆ. ಒಂದು ದಿನ ಕೊಡಿ. ಅವರು ಕ್ಯಾಲೆಂಡರ್ ಎಣಿಸಿದರು. ನಲವತ್ತೆಂಟರಲ್ಲಿ ಹದಿನೇಳು ಹೋಯಿತು, ನಾಳೆಯದೂ ಹೋದರೆ ಉಳಿಯುವುದು ಸರಿಯಾಗಿ ಮೂವತ್ತು. ಒಂದೂ ಹೆಚ್ಚಿಲ್ಲ. ನಿಮ್ಮಿಷ್ಟ ಎಂದರು. ಆ ಪದಕ್ಕೆ ಮ್ಯಾನೇಜರರ ಬಾಯಲ್ಲಿ ಏನರ್ಥ ಎಂದು ನೌಕರಿ ಮಾಡಿದವರಿಗೆಲ್ಲ ಗೊತ್ತಿದೆ.

ಮರುದಿನ ನನ್ನ ಗುಜರಿ ಬೀರು ತೆರೆದೆ. ಇದನ್ನು ಬಿಸಾಡಬಾರದೇ ಎಂದು ಮೂವರು ಮ್ಯಾನೇಜರರು ಕೇಳಿದ್ದ ಬೀರು ಅದು. ತಳದಲ್ಲಿ ಹಳೆಯ ಮೋಟರ್ ಸ್ಟಾರ್ಟರಿನ ಒಂದು ಕಾಂಟ್ಯಾಕ್ಟರ್, ಅಂದರೆ ಕರೆಂಟು ಬಂದರೆ ತಾನೇ ಕಚ್ಚಿಕೊಳ್ಳುವ ದಪ್ಪ ಸ್ವಿಚ್ಚು, ಅದರ ತಲೆಯ ಮೇಲೆ ಗಾಳಿಯಿಂದ ನಡೆಯುವ ಟೈಮರ್ ಇತ್ತು. ಕರೆಂಟು ಇರುವವರೆಗೆ ಕಾಂಟ್ಯಾಕ್ಟರ್ ಹಿಡಿದುಕೊಂಡಿರುತ್ತದೆ. ಕರೆಂಟು ಹೋದ ಕ್ಷಣ ಬಿಡುತ್ತದೆ. ಟೈಮರ್ ಮಾತ್ರ ತನ್ನ ಪುಟ್ಟ ರಬ್ಬರ್ ಚೀಲಕ್ಕೆ ನಿಧಾನವಾಗಿ ಗಾಳಿ ಎಳೆದುಕೊಂಡು, ಹೇಳಿದಷ್ಟು ಹೊತ್ತಾದ ಮೇಲೆ ಬಿಡುತ್ತದೆ. ಅದಕ್ಕೆ ಕರೆಂಟೂ ಬೇಡ, ಪ್ರೋಗ್ರಾಮೂ ಬೇಡ. ಉಸಿರಾಡಲು ಗೊತ್ತಿದ್ದರೆ ಸಾಕು.

ಬೋರ್ಡಿಗೆ ಒಂದು ಸಣ್ಣ ಬ್ಯಾಟರಿಯ ಆಸರೆ ಕೊಟ್ಟೆ. ಕಾಂಟ್ಯಾಕ್ಟರಿನ ಒಂದು ಖಾಲಿ ಸಂಪರ್ಕದಿಂದ ಎರಡು ವೈರು ತಂದು ಇಪ್ಪತ್ತೇಳನೆಯ ಪಿನ್ನಿಗೂ ಗ್ರೌಂಡಿಗೂ ಕಟ್ಟಿದೆ. ಎಳೆಯುವ ಮುನ್ನ ಆ ವೈರುಗಳಲ್ಲಿ ಮೇನ್ ಕರೆಂಟಿನ ಸುಳಿವೂ ಇಲ್ಲವೆಂದು ಮೂರು ಸಲ ಮೀಟರ್ ಹಿಡಿದು ನೋಡಿದೆ. ಮೇನ್ ಇಳಿದರೆ ಕಾಂಟ್ಯಾಕ್ಟರ್ ಬಿಡುತ್ತದೆ, ಪಿನ್ನಿಗೆ ಸುದ್ದಿ ಮುಟ್ಟುತ್ತದೆ. ಬೋರ್ಡು ಹತ್ತು ಸೆಕೆಂಡು ಕಾದು, ಕರೆಂಟು ಬರಲಿಲ್ಲವೆಂದರೆ "ಮೇನ್ ಇಳಿಯಿತು" ಎಂದು ಸಮಯ ಸಮೇತ ಒಂದು ಸಾಲು ಬರೆದು, ಪುಸ್ತಕ ಮುಚ್ಚಿ, ಮಲಗುತ್ತದೆ. ಒಂದೂವರೆ ನಿಮಿಷಕ್ಕೆ ಟೈಮರ್ ಉಸಿರು ಬಿಟ್ಟು ಬ್ಯಾಟರಿಯನ್ನೂ ಕಡಿದುಹಾಕುತ್ತದೆ. ಬೆಳಿಗ್ಗೆ ಮೇನ್ ಏರಿದರೆ ಬೋರ್ಡು ತಾನಾಗಿ ಎದ್ದು "ಮೇನ್ ಏರಿತು" ಎಂದು ಬರೆದು ಕೆಲಸಕ್ಕೆ ಕೂರುತ್ತದೆ. ಬೋರ್ಡು ಮಲಗಿದ ಮೇಲೆ ನಡುವೆ ಕರೆಂಟು ಬಂದುಬಿಟ್ಟರೆ, ಟೈಮರ್ ಮುಗಿಯುವವರೆಗೆ ಅದನ್ನು ಬೋರ್ಡಿಗೆ ಮುಟ್ಟಿಸದೆ ತಡೆದಿಡಲು ಒಂದು ರಿಲೇ. ಮನೆಯಲ್ಲಿ ಮಿನುಗಿದ್ದ ಅದೇ ಕೆಂಪು ಎಲ್‌ಇಡಿಯನ್ನು ಪ್ಯಾನೆಲ್ ಕೋಣೆಯ ಕಿಟಕಿಗೆ ಕಾಣುವಂತೆ ಇಟ್ಟೆ. ಬೋರ್ಡು ಎಚ್ಚರವಿರುವವರೆಗೆ ಅದು ಉರಿಯುತ್ತದೆ.

ಸಂಜೆ ಐದೂವರೆ. ಬಲಗೈ ಹಿಡಿಯ ಮೇಲೆ, ಎಡಗೈ ಬೆನ್ನ ಹಿಂದೆ. ಮುಖ ತಿರುಗಿಸಲೇಬೇಕು, ತಿರುಗಿಸಿದರೆ ದೀಪ ಕಾಣುವುದಿಲ್ಲ. ಲೀಡರಮ್ಮನನ್ನು ಕಿಟಕಿಯ ಬಳಿ ನಿಲ್ಲಲು ಹೇಳಿದೆ. ಎಳೆದೆ. ಫ್ಯಾನುಗಳು ಗೊಣಗುತ್ತ ನಿಂತವು. ಕಾರ್ಖಾನೆ ನಿಶ್ಶಬ್ದ.

"ಇನ್ನೂ ಉರೀತದೆ," ಎಂದರು ಅವರು. ಸ್ವಲ್ಪ ಹೊತ್ತಿಗೆ, "ಈಗ ಮಲಗ್ತು ಸಾರ್."

ಆಮೇಲೆ ಬೀರುವಿನ ಹಳೆಯ ಟೈಮರ್ ಟಕ್ ಎಂದಿತು. ಬೀಗ ಹಾಕಿ ಜಗ್ಗಿ ನೋಡಿದೆ. ಬೆಳಿಗ್ಗೆ ನಾನು ಮೇನ್ ಏರಿಸಿ ಕಿಟಕಿಗೆ ಬರುವಷ್ಟರಲ್ಲಿ ಹನ್ನೊಂದು ಜನವೂ ಆ ದೀಪದ ಮುಂದೆ ನಿಂತಿದ್ದರು. ಅದು ಉರಿಯಿತು. ಲೀಡರಮ್ಮ ಕ್ಯಾಲೆಂಡರಿನ ಆ ದಿನಕ್ಕೆ ಚುಕ್ಕಿ ಇಡದೆ ಖಾಲಿ ಬಿಟ್ಟರು.

ಮೂವತ್ತು ದಿನ ಖಾಲಿಯೇ ಉಳಿಯಿತು. ಮಳೆಗೆ ಮಧ್ಯಾಹ್ನದ ಹೊತ್ತು ಎಷ್ಟೋ ಸಲ ಕರೆಂಟು ಹೋಯಿತು. ಪ್ರತಿ ಸಲವೂ ಯಾರಾದರೊಬ್ಬರು ಟ್ರೇ ಬಿಟ್ಟು ದೀಪದ ಕಡೆ ತಿರುಗಿ, ಮಲಗ್ತು, ಎದ್ತು ಎಂದು ಕೂಗಿ ಹೇಳುವರು. ತೊಟ್ಟಿಲ ಮಗುವಿಗೂ ಇಷ್ಟು ನಿಗಾ ಇರುತ್ತದೋ ಇಲ್ಲವೋ.

ತನಿಖೆಗೆ ಬಂದವರು ಮಿತಭಾಷಿ. ಕನ್ನಡದವರೇ. ಮೂವತ್ತು ದಿನದ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ಮಳೆಯ ದಿನ ತೇವ ಏರಿದ್ದು, ಫ್ಯಾನು ಹೆಚ್ಚಿಸಿದ ಮೇಲೆ ಇಳಿದದ್ದು ಎಲ್ಲ ಅದರಲ್ಲಿತ್ತು. ಕೊನೆಗೂ ನಮ್ಮ ಕೋಣೆಗೆ ಹವಾಮಾನ ಬಂದಿತ್ತು. ಆಮೇಲೆ ಅವರು ಬೋರ್ಡನ್ನು ನೋಡಿ ಮುಖ ಸಣ್ಣದು ಮಾಡಿದರು.

"ಇಂಥವನ್ನ ಬೇಕಾದಷ್ಟು ಕಡೆ ನೋಡಿದೀನಿ. ಒಂದ್ಸಲ ಕರೆಂಟ್ ಹೋದ್ರೆ ಕಾರ್ಡೇ ಹೋಗತ್ತೆ. ಇದನ್ನ ನಂಬೋದು ಹೇಗೆ?"

ಮ್ಯಾನೇಜರರು ನನ್ನ ಕಡೆ ನೋಡಿದರು. ಲೀಡರಮ್ಮನೂ ನೋಡಿದರು, ಕೈಯಲ್ಲಿದ್ದ ಟ್ರೇ ಕೆಳಗಿಡದೆ. ನಾನು ಸೊಂಟದಿಂದ ಬೀಗದ ಕೈ ಬಿಚ್ಚಿದೆ.

"ನೀವೇ ಮೇನ್ ಇಳಿಸಿ ನೋಡಿ ಸಾರ್."

ಆ ಹಿಡಿಯನ್ನು ನನ್ನ ಕಾಲದಲ್ಲಿ ಬೇರೆಯವರು ಮುಟ್ಟಿದ್ದು ಅದೇ ಮೊದಲು. ಅವರನ್ನು ಮ್ಯಾಟಿನ ಮೇಲೆ ಪಕ್ಕಕ್ಕೆ ನಿಲ್ಲಿಸಿದೆ, ಎಡಗೈಯನ್ನು ಬೆನ್ನ ಹಿಂದೆ ಇಡಿಸಿದೆ, ಮುಖ ತಿರುಗಿಸಿ ಎಂದೆ. ಹೊರದೇಶದ ಕಂಪನಿಯ ಪ್ರತಿನಿಧಿ ಶಾಲೆಯ ಮಗುವಿನಂತೆ ಮುಖ ತಿರುಗಿಸಿದರು. ಎಳೆದರು. ಕತ್ತಲು.

"ಇನ್ನೂ ಉರೀತದೆ," ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ. "ಮಲಗ್ತು."

ಟಕ್.

ಅದೇನು ಸದ್ದು ಎಂದು ಅವರು ಕೇಳಿದರು. ನಮ್ಮ ಹಿರಿಯರು ಸಾರ್, ನಿದ್ದೆ ಮಾಡಿಸುವವರು ಎಂದೆ. ಮತ್ತೆ ಮೇನ್ ಏರಿಸಿದೆವು. ಕೆಂಪು ದೀಪ ಉರಿಯಿತು. ಪರದೆಯ ಕೊನೆಯ ಎರಡು ಸಾಲುಗಳಲ್ಲಿ ಅವರ ಕೈಕೆಲಸ ಗಂಟೆ, ನಿಮಿಷ ಸಮೇತ ದಾಖಲಾಗಿತ್ತು. ಮೊದಲ ಸಲ ಅವರು ನಕ್ಕರು. ತೇವ ಅಳೆಯುವ ಮೀಟರನ್ನು ಚೀಲದಿಂದ ತೆಗೆದು ಒಂದು ಟ್ರೇಯ ಬತ್ತಿಗೆ ಹಿಡಿಯಹೋದವರನ್ನು ಲೀಡರಮ್ಮ ತಡೆದು, ಒಂದು ಹಿಡಿ ಎತ್ತಿ ಅಲ್ಲಾಡಿಸಿ, ಇದು ಇನ್ನರ್ಧ ಗಂಟೆ ಸ್ವಾಮಿ, ಆ ಪಕ್ಕದ್ದು ಆಗ್ಯದೆ ಎಂದರು. ಮೀಟರೂ ಅದನ್ನೇ ಹೇಳಿತು. ಒಣಗಿಸುವ ಕೆಲಸ ಎಲ್ಲಿದೆಯೋ ಅಲ್ಲೇ ಇರಲಿ, ಈಗಿರುವ ವ್ಯವಸ್ಥೆಯನ್ನೇ ಮುಂದುವರಿಸತಕ್ಕದ್ದು ಎಂದು ಅವರು ವರದಿ ಬರೆದರು.

ಎರಡು ವಾರ ಕಳೆದು, ಮೊದಲೇ ಬೇಡಿಕೆ ಕೊಟ್ಟಿದ್ದ ಸಿದ್ಧ ಯಂತ್ರ ಬಂತು. ಬಹಳ ಸುಂದರವಾದ ಪೆಟ್ಟಿಗೆ. ವರದಿಯ ಗೌರವಾರ್ಥ ಅದನ್ನು ಬಿಚ್ಚದೆ ನನ್ನ ಗುಜರಿ ಬೀರುವಿನಲ್ಲಿ, ಟೈಮರ್ ಇದ್ದ ಖಾಲಿ ಜಾಗದಲ್ಲಿಟ್ಟಿದ್ದೇನೆ. ಬೀಗದ ಕೈಯ ಇನ್ನೊಂದು ಪ್ರತಿ ಈಗ ಲೀಡರಮ್ಮನ ಹತ್ತಿರ ಇದೆ. ನಾನು ರಜೆ ಹಾಕಿದ ದಿನ ಅವರು ಮ್ಯಾಟಿನ ಮೇಲೆ ಪಕ್ಕಕ್ಕೆ ನಿಂತು, ಸೆರಗು ಸಿಕ್ಕಿಸಿಕೊಂಡು, ಮುಖ ತಿರುಗಿಸಿ ಹಿಡಿ ಎಳೆಯುತ್ತಾರೆ. ಕಿಟಕಿಗೆ ಬೇರೊಬ್ಬರು.

ನಾನಿರುವ ದಿನ ಐದೂವರೆಗೆ ಎಲ್ಲ ಹಳೆಯ ಕ್ರಮದಲ್ಲೇ ನಡೆಯುತ್ತದೆ. ಒಂದು ಹೆಜ್ಜೆ ಮಾತ್ರ ಹೆಚ್ಚಾಗಿದೆ. ಹಿಡಿ ಇಳಿಸಿದ ಮೇಲೂ ನಾನು ಮುಖ ತಿರುಗಿಸಿಕೊಂಡೇ ಇರುತ್ತೇನೆ, ಬೀಗ ಕೈಯಲ್ಲಿ ಹಿಡಿದು, ಆ ಮಾತು ಬರುವವರೆಗೆ.

"ಮಲಗ್ತು ಸಾರ್. ಬೀಗ ಹಾಕಿ."